ಗೂಗಲ್‌ಫೈನಾನ್ಸ್ ಫಾರ್ಮುಲಾ: ಬೆಲೆ ಮಾತ್ರ ಕೇಳಬೇಡಿ, ಬೆಲೆಯ ವಿವರವನ್ನೂ ಕೇಳಿ

ಗೂಗಲ್ ಶೀಟ್ಸ್‌ನಲ್ಲಿ ‘ಗೂಗಲ್‌ಫೈನಾನ್ಸ್’ ಅನ್ನೋ ಫಾರ್ಮುಲಾ ಇದೆ. ಕಂಪನಿಯ ಸಿಂಬಲ್, ಅಂದರೆ ಷೇರುಪೇಟೆಯಲ್ಲಿ ಅದಕ್ಕಿರೋ ಚುಟುಕು ಹೆಸರು, ಕೊಟ್ಟರೆ ಷೇರಿನ ಬೆಲೆ ತಂದು ಸೆಲ್‌ನಲ್ಲಿ ಹಾಕುತ್ತದೆ. ದುಡ್ಡು ಕೊಡಬೇಕಿಲ್ಲ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನಮ್ಮ ಮನೆಯ ಮತ್ತು ಕೆಲವು ನೆಂಟರ ಷೇರು ಲೆಕ್ಕವನ್ನು ಹಲವು ವರ್ಷಗಳಿಂದ ಇದರಲ್ಲೇ ಇಟ್ಟಿದ್ದೇನೆ. ತುಂಬಾ ಜನ ಇದನ್ನು ಬೆಲೆ ನೋಡೋಕೆ ಮಾತ್ರ ಬಳಸುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಲಾಭ ಕೈಬಿಟ್ಟ ಹಾಗೆ. ಬಂದ ಬೆಲೆ ಯಾವ ಕಂಪನಿಯದು, ಯಾವ ಕರೆನ್ಸಿಯಲ್ಲಿದೆ, ಯಾವ ಹೊತ್ತಿನದು ಅನ್ನೋದನ್ನೂ ಇದೇ ಫಾರ್ಮುಲಾ ಹೇಳುತ್ತದೆ. ನನ್ನ ಲೆಕ್ಕವನ್ನು ಕಾಪಾಡಿರೋದು ಈ ವಿವರಗಳೇ.

ಬಳಸೋದು ಸುಲಭ. ಸಮ ಚಿಹ್ನೆ ಹಾಕಿ ಫಾರ್ಮುಲಾ ಹೆಸರು ಬರೆದು, ಬ್ರಾಕೆಟ್‌ನಲ್ಲಿ ಮೊದಲು ಸಿಂಬಲ್, ಆಮೇಲೆ ಏನು ಬೇಕೋ ಅದರ ಹೆಸರು ಕೊಡಬೇಕು. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಎರಡನೇದನ್ನು ಬಿಟ್ಟರೆ ಬೆಲೆ ಬರುತ್ತದೆ. ಅದರ ಜಾಗದಲ್ಲಿ ‘ನೇಮ್’, ‘ಕರೆನ್ಸಿ’, ‘ಟ್ರೇಡ್‌ಟೈಮ್’, ‘ಡೇಟಾಡಿಲೇ’, ‘ಹೈ52’, ‘ಲೋ52’ (52 ವಾರದ ಗರಿಷ್ಠ, ಕನಿಷ್ಠ ಬೆಲೆ), ‘ಪಿಇ’ (ಬೆಲೆ ಮತ್ತು ಗಳಿಕೆಯ ಅನುಪಾತ), ‘ಇಪಿಎಸ್’ (ಒಂದು ಷೇರಿನ ಗಳಿಕೆ), ‘ಮಾರ್ಕೆಟ್‌ಕ್ಯಾಪ್’ (ಎಲ್ಲ ಷೇರುಗಳ ಒಟ್ಟು ಬೆಲೆ), ‘ಷೇರ್ಸ್’ (ಒಟ್ಟು ಷೇರುಗಳ ಸಂಖ್ಯೆ) ಅಂತ ಕೊಟ್ಟರೆ ಆಯಾ ವಿವರ ಬರುತ್ತದೆ. ನನ್ನ ಶೀಟಿನಲ್ಲಿ ಪ್ರತಿ ಷೇರಿನ ಸಾಲಿಗೂ ಬೆಲೆಯ ಪಕ್ಕದಲ್ಲೇ ಹೆಸರು, ಕರೆನ್ಸಿ, ಕೊನೆಯ ವಹಿವಾಟಿನ ಸಮಯ ಈ ಮೂರು ಕಾಲಂ ಇವೆ. ಬೇರೆ ಎಲ್ಲ ತೆಗೆದರೂ ಇವನ್ನು ಮಾತ್ರ ತೆಗೆಯಲ್ಲ.

ಕರೆನ್ಸಿ ಯಾಕೆ ಅಂತೀರಾ? ಇನ್ಫೋಸಿಸ್ ಷೇರು ನಮ್ಮ ಎನ್‌ಎಸ್‌ಇಯಲ್ಲೂ ಇದೆ, ಅದರ ಎಡಿಆರ್ (ಷೇರಿನ ಬದಲಿಗೆ ಅಮೆರಿಕದಲ್ಲಿ ಡಾಲರ್‌ಗೆ ಮಾರೋ ಪತ್ರ) ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲೂ ಇದೆ. ಎರಡು ಕಡೆಯೂ ಸಿಂಬಲ್ ‘ಇನ್ಫಿ’ ಅಂತಲೇ. ಬರೀ ಸಿಂಬಲ್ ಕೊಟ್ಟರೆ ಯಾವುದನ್ನು ತರಬೇಕು ಅಂತ ಗೂಗಲ್ಲೇ ಊಹಿಸುತ್ತದೆ. ಒಂದು ಎಡಿಆರ್ ಅಂದರೆ ಒಂದೇ ಷೇರು. ಹಾಗಾಗಿ ಬರೋ ಸಂಖ್ಯೆ ಡಾಲರ್‌ನಲ್ಲಿ ಸರಿಯಾಗೇ ಇರುತ್ತದೆ, ರೂಪಾಯಿ ಲೆಕ್ಕದಲ್ಲಿ ಮಾತ್ರ ಪೂರ್ತಿ ತಪ್ಪು. ಅದಕ್ಕೇ ಸಿಂಬಲ್‌ನ ಮುಂದೆ ಎಕ್ಸ್‌ಚೇಂಜ್ ಹೆಸರು ಸೇರಿಸಿ ‘ಎನ್‌ಎಸ್‌ಇ:ಇನ್ಫಿ’ ಅಂತ ಬರೆಯಬೇಕು. ಬಿಎಸ್‌ಇ ಬೇಕಾದರೆ ‘ಬಿಒಎಂ’ ಅಂತ ಬರೆದು ಕೋಲನ್ ಹಾಕಿ ಆರು ಅಂಕಿಯ ಕೋಡ್ ಕೊಡಬೇಕು. ಇನ್ಫೋಸಿಸ್‌ದು 500209. ಕರೆನ್ಸಿ ಕಾಲಂನಲ್ಲಿ ‘ಐಎನ್‌ಆರ್’ (ಅಂದರೆ ರೂಪಾಯಿ) ಅಲ್ಲದೆ ಬೇರೇನು ಬಂದರೂ ಆ ಸಾಲು ಕೆಂಪಾಗೋ ಹಾಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿಬಿಡಿ. ಎರಡು ನಿಮಿಷದ ಕೆಲಸ. ವಿದೇಶದ ಷೇರು ಇಟ್ಟುಕೊಂಡವರು ಡಾಲರ್‌ನ ರೂಪಾಯಿ ಬೆಲೆಯನ್ನೂ ‘ಕರೆನ್ಸಿ:ಯುಎಸ್‌ಡಿಐಎನ್‌ಆರ್’ ಅಂತ ಕೊಟ್ಟು ಇದರಲ್ಲೇ ತರಿಸಬಹುದು.

ಹೆಸರಿನ ಕಾಲಂ ನಮ್ಮ ಕರಾವಳಿಯವರಿಗೆ ಇನ್ನೂ ಮುಖ್ಯ. ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಬ್ಯಾಂಕ್ ಷೇರುಗಳಿವೆ. ಬ್ಯಾಂಕುಗಳು ಹುಟ್ಟಿದ್ದೇ ಇಲ್ಲಿ, ಅಲ್ವಾ? ಕಾರ್ಪೊರೇಶನ್ ಬ್ಯಾಂಕ್ ಉಡುಪಿಯಲ್ಲಿ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ ಅದೇ ಊರಲ್ಲಿ 1925ರಲ್ಲಿ, ವಿಜಯ ಬ್ಯಾಂಕ್ ಮಂಗಳೂರಲ್ಲಿ 1931ರಲ್ಲಿ. ಈಗ ಮೂರೂ ಇಲ್ಲ. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಹಳೇ ಪಟ್ಟಿಯಲ್ಲಿರೋ ಸಿಂಬಲ್ ಈಗ ಏನನ್ನೂ ತರಲ್ಲ. ಶೀಟಿನಲ್ಲಿ ‘ಎನ್‌ಎ’ ಅಂತ ಎರರ್ ಕಾಣುತ್ತದೆ. ಷೇರೇ ಹೋಯಿತು ಅಂತ ಗಾಬರಿ ಆಗೋರಿದ್ದಾರೆ. ಷೇರು ಹೋಗಿಲ್ಲ, ಬೇರೆ ಬ್ಯಾಂಕಿನ ಷೇರಾಗಿದೆ.

ಲೆಕ್ಕ ಹೀಗಿದೆ. ವಿಜಯ ಬ್ಯಾಂಕಿನ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402. ಕಾರ್ಪೊರೇಶನ್ ಬ್ಯಾಂಕಿನ 1,000ಕ್ಕೆ ಯೂನಿಯನ್ ಬ್ಯಾಂಕಿನ 330. ಸಿಂಡಿಕೇಟ್‌ನ 1,000ಕ್ಕೆ ಕೆನರಾ ಬ್ಯಾಂಕಿನ 158. ಕೆನರಾ ಬ್ಯಾಂಕ್ 2024ರ ಮೇ ತಿಂಗಳಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಎರಡು ರೂಪಾಯಿಯ ಐದು ಷೇರಾಗಿ ಒಡೆಯಿತು. ಅಲ್ಲಿಗೆ ಆ 158 ಈಗ 790. ಇದ್ಯಾವುದೂ ಫಾರ್ಮುಲಾಗೆ ಗೊತ್ತಿಲ್ಲ. ಅದು ಇವತ್ತಿನ ಒಂದು ಷೇರಿನ ಬೆಲೆ ಹೇಳುತ್ತದೆ, ನಿಮ್ಮ ಹತ್ತಿರ ಎಷ್ಟಿವೆ ಅನ್ನೋದು ನಿಮ್ಮ ಹೊಣೆ. ನಾನು ಇದಕ್ಕೆ ಬೇರೆ ಶೀಟ್ ಇಟ್ಟಿದ್ದೇನೆ. ಹಳೇ ಸಿಂಬಲ್, ಹೊಸ ಸಿಂಬಲ್, ದಿನಾಂಕ, ಎಷ್ಟಕ್ಕೆ ಎಷ್ಟು. ಹೆಸರು ಬದಲಾದ ಕಂಪನಿಗಳೂ ಅದರಲ್ಲೇ ಸೇರುತ್ತವೆ. ಜೊಮಾಟೊ 2025ರಲ್ಲಿ ಎಟರ್ನಲ್ ಆದಾಗ ಸಿಂಬಲ್ ಕೂಡ ಬದಲಾಯಿತು.

ಇಲ್ಲೇ ಈ ಫಾರ್ಮುಲಾದ ದೊಡ್ಡ ಕೊರತೆ ಕಾಣೋದು. ಇದು ಐಎಸ್‌ಐಎನ್, ಅಂದರೆ ಪ್ರತಿ ಷೇರಿಗೂ ಇರೋ ಗುರುತಿನ ನಂಬರ್, ಕೊಡಲ್ಲ, ಐಎಸ್‌ಐಎನ್ ಕೊಟ್ಟರೆ ತಗೊಳ್ಳೋದೂ ಇಲ್ಲ. ಡಿಮ್ಯಾಟ್ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ಷೇರಿಗೂ ಹನ್ನೆರಡು ಅಕ್ಷರದ ಈ ನಂಬರ್ ಇರುತ್ತದೆ. ನಮ್ಮವು ‘ಐಎನ್‌ಇ’ಯಿಂದ ಶುರುವಾಗುತ್ತವೆ. ನಮ್ಮ ಷೇರುಗಳನ್ನು ಡಿಜಿಟಲ್ ರೂಪದಲ್ಲಿ ಇಟ್ಟಿರೋ ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್ ಸಂಸ್ಥೆಗಳು ಕಳಿಸೋ ಸ್ಟೇಟ್‌ಮೆಂಟನ್ನು ಶೀಟಿನ ಜೊತೆ ತಾಳೆ ನೋಡೋಕೆ ಇದೇ ಸರಿಯಾದ ಕೊಂಡಿ. ಅದಿಲ್ಲದೆ ನಾವೇ ಕೈಯಾರೆ ಐಎಸ್‌ಐಎನ್ ಮತ್ತು ಸಿಂಬಲ್ ಜೋಡಿಸಿದ ಪಟ್ಟಿ ಮಾಡಿಕೊಳ್ಳಬೇಕು. ಮುಖಬೆಲೆ ಒಡೆದಾಗ ಐಎಸ್‌ಐಎನ್ ಕೂಡ ಬದಲಾಗುತ್ತದೆ, ಆಗ ಪಟ್ಟಿಯನ್ನೂ ತಿದ್ದಬೇಕು. ಷೇರುಗಳಿಗೆ ಡಿವಿಡೆಂಡ್ ವಿವರ ಇಲ್ಲ. ಕಂಪನಿ ಯಾವ ಉದ್ಯಮದ್ದು ಅಂತ ಹೇಳೋದೂ ಇಲ್ಲ. ‘ಬೀಟಾ’ (ಮಾರುಕಟ್ಟೆಗೆ ಹೋಲಿಸಿದರೆ ಷೇರು ಎಷ್ಟು ಏರಿಳಿಯುತ್ತದೆ ಅನ್ನೋ ಅಳತೆ) ಪಟ್ಟಿಯಲ್ಲಿದೆ, ನಮ್ಮ ಷೇರುಗಳಿಗೆ ಹಲವು ಸಲ ಖಾಲಿ ಬರುತ್ತದೆ.

ಈಗ ಸಮಯದ ವಿಷಯ. ಬೆಲೆ 20 ನಿಮಿಷದವರೆಗೆ ತಡವಾಗಬಹುದು ಅಂತ ಗೂಗಲ್ಲೇ ಹೇಳುತ್ತದೆ, ಟ್ರೇಡಿಂಗ್‌ಗೆ ಬಳಸಬೇಡಿ ಅಂತಲೂ ಎಚ್ಚರಿಸುತ್ತದೆ. ಎಷ್ಟು ತಡ ಅನ್ನೋದಕ್ಕೆ ‘ಡೇಟಾಡಿಲೇ’ ಇದೆ. ಮನೆ ಲೆಕ್ಕಕ್ಕೆ ಈ ತಡದಿಂದ ಏನೂ ತೊಂದರೆ ಇಲ್ಲ. ತೊಂದರೆ ಕೊಡೋದು ಹಳಸಿದ ಬೆಲೆ. ವಹಿವಾಟು ನಿಂತಿರೋ ಷೇರಿಗೆ ಹಿಂದೆಂದೋ ನಡೆದ ವಹಿವಾಟಿನ ಬೆಲೆ ಕೂತಿದ್ದರೆ ಬರೀ ಸಂಖ್ಯೆ ನೋಡಿ ತಿಳಿಯಲ್ಲ. ‘ಟ್ರೇಡ್‌ಟೈಮ್’ ಕಾಲಂ ಇದ್ದರೆ ತಕ್ಷಣ ತಿಳಿಯುತ್ತದೆ. ದಿನಾಂಕ ಒಂದು ವಾರಕ್ಕಿಂತ ಹಳೇದಾದರೆ ಬಣ್ಣ ಬದಲಾಗೋ ಹಾಗೆ ಮಾಡಿದ್ದೇನೆ. ದಸರಾ, ದೀಪಾವಳಿ ರಜೆಗಳನ್ನು ಲೆಕ್ಕ ಹಾಕಿದರೆ ಒಂದು ವಾರ ಸರಿಯಾದ ಅಳತೆ.

ಹಳೇ ದಿನದ ಬೆಲೆ ತರಿಸೋಕೆ ಸಿಂಬಲ್ ಮತ್ತು ವಿವರದ ಜೊತೆ ದಿನಾಂಕ ಸೇರಿಸಬೇಕು. ಇದರಿಂದ ನನಗೆ ಅತಿ ಹೆಚ್ಚು ಉಪಯೋಗ ಆಗಿರೋದು ಆದಾಯ ತೆರಿಗೆ ಲೆಕ್ಕದಲ್ಲಿ. 2018ರ ಜನವರಿ 31ಕ್ಕೆ ಅಥವಾ ಅದಕ್ಕೂ ಮುಂಚೆ ಕೊಂಡ ಲಿಸ್ಟೆಡ್ ಷೇರನ್ನು ಮಾರಿದರೆ, ದೀರ್ಘಾವಧಿ ಲಾಭ ಲೆಕ್ಕ ಹಾಕೋಕೆ ಆ ಜನವರಿ 31ರ ಗರಿಷ್ಠ ಬೆಲೆ ಬೇಕಾಗುತ್ತದೆ. ‘ಹೈ’ ಅಂತ ಕೇಳಿ ಆ ದಿನಾಂಕ ಕೊಟ್ಟರೆ ಹೆಡಿಂಗ್ ಸಮೇತ ಚಿಕ್ಕ ಟೇಬಲ್ ಬರುತ್ತದೆ. ಅದನ್ನು ‘ಇಂಡೆಕ್ಸ್’ ಫಾರ್ಮುಲಾ ಒಳಗೆ ಇಟ್ಟು ಎರಡನೇ ಸಾಲು, ಎರಡನೇ ಕಾಲಂ ಕೇಳಿದರೆ ಬೆಲೆ ಮಾತ್ರ ಸಿಗುತ್ತದೆ.

ಆದರೆ ಬೆಲೆ ಮಾತ್ರ ತರಬೇಡಿ. ಎರಡನೇ ಸಾಲಿನ ಮೊದಲ ಕಾಲಂ, ಅಂದರೆ ದಿನಾಂಕ, ಅದನ್ನೂ ಪಕ್ಕದ ಸೆಲ್‌ನಲ್ಲಿ ತನ್ನಿ. ಕಾರಣ ಇದೆ. ನಾವು ಕೊಡೋ ದಿನಾಂಕವನ್ನು ಗೂಗಲ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯಾಹ್ನ 12 ಗಂಟೆ ಅಂತ ತಗೊಳ್ಳುತ್ತದೆ. ನಮ್ಮ ಗಡಿಯಾರದಲ್ಲಿ ಅದು ಸಂಜೆ 5:30. ಅದಕ್ಕೆ ಮುಂಚೆ ಮುಚ್ಚೋ ಎಕ್ಸ್‌ಚೇಂಜ್‌ಗಳಲ್ಲಿ ಒಂದು ದಿನ ಆಚೀಚೆ ಆಗಬಹುದು. ಎನ್‌ಎಸ್‌ಇ ಮುಚ್ಚೋದು 3:30ಕ್ಕೆ. ಬಂದ ದಿನಾಂಕ ಕಣ್ಣೆದುರಿಗಿದ್ದರೆ ಸಾಕು, ಅನುಮಾನ ಉಳಿಯಲ್ಲ. ಆ ದಿನಾಂಕದ ಜೊತೆ 15:30 ಅನ್ನೋ ಸಮಯವೂ ಅಂಟಿಕೊಂಡಿರುತ್ತದೆ. ಟೇಬಲ್‌ನಲ್ಲಿ ಹುಡುಕೋ ‘ವಿಲುಕಪ್’ ಫಾರ್ಮುಲಾ ಬಳಸಿದರೆ ದಿನಾಂಕ ಹೊಂದಲ್ಲ. ಮೊದಲು ‘ಇಂಟ್’ ಫಾರ್ಮುಲಾ ಹಾಕಿ ಸಮಯ ಕಳಚಬೇಕು. ಆಮೇಲೆ ಬೋನಸ್ ಬಂದಿರೋ ಅಥವಾ ಸ್ಪ್ಲಿಟ್ ಆಗಿರೋ ಷೇರಿನ ಹಳೇ ಬೆಲೆಯನ್ನು ಎನ್‌ಎಸ್‌ಇಯ ಆ ದಿನದ ಭಾವ್‌ಕಾಪಿ (ಎಕ್ಸ್‌ಚೇಂಜ್ ಹೊರಡಿಸೋ ದಿನದ ಬೆಲೆಪಟ್ಟಿ) ಜೊತೆ ತಾಳೆ ನೋಡದೆ ಆಡಿಟರಿಗೆ ಕೊಡಬೇಡಿ. ಬೆಲೆ ಅಂದಿನ ಷೇರಿನದೋ, ಒಡೆದ ನಂತರದ ಷೇರಿನ ಲೆಕ್ಕಕ್ಕೆ ಇಳಿಸಿದ್ದೋ ಅನ್ನೋದನ್ನು ಹೇಳೋ ಕಾಲಂ ಇದರಲ್ಲಿಲ್ಲ.

ಎಕ್ಸೆಲ್ ಬಳಸುವವರಿಗೆ ‘ಸ್ಟಾಕ್ಸ್’ ಡೇಟಾ ಟೈಪ್ ಇದೆ. ವಿವರ ಕೊಡೋದರಲ್ಲಿ ಅದೇ ಮೇಲು. ಉದ್ಯಮ, ಮುಖ್ಯ ಕಚೇರಿ, ನೌಕರರ ಸಂಖ್ಯೆ ಕೂಡ ಕೇಳಬಹುದು. ಅಲ್ಲಿ ಎನ್‌ಎಸ್‌ಇಗೆ ‘ಎಕ್ಸ್‌ಎನ್‌ಎಸ್‌ಇ’ ಅಂತ ಬರೆಯಬೇಕು. ಹಳೇ ಬೆಲೆಗೆ ಬೇಕಾದ ‘ಸ್ಟಾಕ್‌ಹಿಸ್ಟರಿ’ ಸಿಗೋದು ಮೈಕ್ರೋಸಾಫ್ಟ್ 365 ಚಂದಾ ಇದ್ದವರಿಗೆ. ಮನೆಯವರೆಲ್ಲ ಫೋನಿನಲ್ಲೇ ತೆರೆದು ನೋಡಬೇಕು ಅಂದರೆ ನಾನು ಗೂಗಲ್ ಶೀಟ್ಸ್ ಕಡೆಗೇ. ಅಮ್ಮ, ಚಿಕ್ಕಪ್ಪ ಇಬ್ಬರೂ ನಮ್ಮ ಶೀಟನ್ನು ಹಾಗೇ ನೋಡುತ್ತಾರೆ. ಹೆಸರಿನ ಕಾಲಂ ಇರೋದರಿಂದ ಅವರಿಗೆ ಸಿಂಬಲ್ ನೆನಪಿಟ್ಟುಕೊಳ್ಳೋ ಕಷ್ಟವಿಲ್ಲ.

ಕೊನೆಗೆ ಎರಡು ಮಾತು. ಪ್ರತಿ ವರ್ಷ ಮಾರ್ಚ್ 31ರ ಬೆಲೆಗಳನ್ನು ‘ವ್ಯಾಲ್ಯೂಸ್ ಓನ್ಲಿ’ ಅಂತ ಪೇಸ್ಟ್ ಮಾಡಿ ಬೇರೆ ಶೀಟಿನಲ್ಲಿ ಇಡಿ. ಫಾರ್ಮುಲಾ ತರೋ ಹಳೇ ದಿನಗಳ ಬೆಲೆಯನ್ನು ಡೌನ್‌ಲೋಡ್ ಮಾಡೋಕಾಗಲಿ ಆ್ಯಪ್ಸ್ ಸ್ಕ್ರಿಪ್ಟ್‌ನಿಂದ (ಶೀಟಿಗೆ ನಾವೇ ಬರೆಯೋ ಪ್ರೋಗ್ರಾಂ) ಓದೋಕಾಗಲಿ ಗೂಗಲ್ ಬಿಡಲ್ಲ, ಅದರ ಜಾಗದಲ್ಲಿ ‘ಎನ್‌ಎ’ ಬರುತ್ತದೆ. ಇನ್ನೊಂದು, ಗೂಗಲ್‌ನವರು ಏನಾದರೂ ಒಂದನ್ನೇ ಸೇರಿಸೋದಾದರೆ ಐಎಸ್‌ಐಎನ್ ಸೇರಿಸಲಿ. ಡಿಮ್ಯಾಟ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಸಾಲು ಸಾಲಾಗಿ ತಾಳೆ ನೋಡೋ ಕೆಲಸ ಅವತ್ತೇ ಮುಗಿಯುತ್ತದೆ.