ಸ್ವಯಂ-ಎನ್‌ಪಿಟೆಲ್ ಅಥವಾ ಎಡೆಕ್ಸ್: ಯಾವುದಕ್ಕೆ ಸೇರಬೇಕು?

ಆನ್‌ಲೈನ್ ಕೋರ್ಸ್ ಮಾಡಿ ಕಾಲೇಜಿನಲ್ಲಿ ಕ್ರೆಡಿಟ್ (ಪದವಿಗೆ ಲೆಕ್ಕಕ್ಕೆ ಬರುವ ಅಂಕ) ಬೇಕಾ? ಹಾಗಿದ್ದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣವಾದ ಸ್ವಯಂ ಕಡೆಗೇ ಹೋಗಿ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಕಟ್ಟಿದ ಎನ್‌ಪಿಟೆಲ್ ಯೋಜನೆಯ ಕೋರ್ಸ್‌ಗಳು ಇಲ್ಲೇ ಸಿಗುತ್ತವೆ. ಪಾಠ ನೋಡಲು, ಪ್ರತಿ ವಾರದ ಅಸೈನ್‌ಮೆಂಟ್ ಮಾಡಲು ದುಡ್ಡು ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಎದುರಿಗೆ ಮೇಲ್ವಿಚಾರಕರು ಕೂತಿರುವ ಪರೀಕ್ಷೆ ಆದ್ದರಿಂದಲೇ ಆ ಕಾಗದಕ್ಕೆ ಬೆಲೆ ಅನ್ನುವುದು ನನ್ನ ನಂಬಿಕೆ. ಆದರೆ ಎಷ್ಟೋ ವಿಡಿಯೊಗಳು ಕಪ್ಪು ಹಲಗೆಯ ಮುಂದಿನ ಉದ್ದನೆಯ ಉಪನ್ಯಾಸಗಳು. ತಾಳ್ಮೆ ಬೇಕು.

ಎಡೆಕ್ಸ್ ಕೂಡ ಆನ್‌ಲೈನ್ ಕೋರ್ಸ್ ತಾಣ; ಅದನ್ನು 2012ರಲ್ಲಿ ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಶುರು ಮಾಡಿದವು. ವಿಡಿಯೊ ಚಿಕ್ಕದು, ಜೋಡಣೆ ಚೆನ್ನ. ಉಚಿತವಾಗಿ ಸೇರಿದರೆ ಸಾಮಾನ್ಯವಾಗಿ ಸೀಮಿತ ಅವಧಿ ಮಾತ್ರ, ಸರ್ಟಿಫಿಕೇಟ್‌ಗೆ ಬೇರೆ ಹಣ. ಅದು ನಮ್ಮ ವಿದ್ಯಾರ್ಥಿಗಳಿಗೆ ಜಾಸ್ತಿನೇ, ಅಲ್ವಾ?

ಇನ್ನೊಂದು ಮಾತು. ಈ ಎರಡು ವಿಶ್ವವಿದ್ಯಾಲಯಗಳ ಎಡೆಕ್ಸ್ ಕೋರ್ಸ್‌ಗಳಿಗೆ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಸುಮಾರು ಮೂವರು ಮಾತ್ರ. ಬಾಗಿಲು ಎಲ್ಲರಿಗೂ ತೆರೆದಿದೆ, ಜೊತೆಗೆ ಕೂತು ಓದಿಸುವವರು ಇಲ್ಲ. ಅದಕ್ಕೇ ಒಬ್ಬರೇ ಓದುವುದು ಕಷ್ಟ ಅನ್ನುವವರಿಗೆ ನಿಗದಿತ ದಿನಾಂಕ, ಪರೀಕ್ಷೆ ಇರುವ ಎನ್‌ಪಿಟೆಲ್ ಒಳ್ಳೆಯದು. ಸುಮ್ನೆ ಹೊಸ ವಿಷಯದ ರುಚಿ ನೋಡಲು ಎಡೆಕ್ಸ್ ಸಾಕು.

ಇಂಗ್ಲಿಷ್ ತೊಡಕಾದರೆ, ಎನ್‌ಪಿಟೆಲ್‌ನ ಕೆಲವು ಕೋರ್ಸ್‌ಗಳ ಪಾಠ ಕನ್ನಡದಲ್ಲೂ ಇದೆ. ಸೇರುವ ಮುಂಚೆ ಹುಡುಕಿ ನೋಡಿ.