ಶಾಸನ ಓದಲು ಕೊಂಡ 640 ರೂಪಾಯಿಯ ಟಾರ್ಚ್

ಗ್ಯಾರೇಜಿನವರು ಕಾರಿನ ಬಾನೆಟ್ ಒಳಗೆ ಅಂಟಿಸಿ ಕೆಲಸ ಮಾಡುತ್ತಾರಲ್ಲ, ಉದ್ದ ಪಟ್ಟಿಯಂಥ ಎಲ್‌ಇಡಿ ಟಾರ್ಚ್, ಅದನ್ನು ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ 640 ರೂಪಾಯಿಗೆ ಕೊಂಡೆ. ನನ್ನ ಹತ್ತಿರ ಕಾರಿಲ್ಲ. ಶಾಸನಕಲ್ಲಿನ ಫೋಟೋ ತೆಗೆಯುವ ಹುಚ್ಚಿದೆ, ಅಷ್ಟೆ. ಆರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಹಿಂದೆ ಕರಾವಳಿಯನ್ನು ಆಳಿದ ಆಳುಪರ ರಾಜಧಾನಿಯಾಗಿದ್ದ ಬಾರ್ಕೂರಿನ ಕಡೆ ಒಂದು ಕಲ್ಲಿದೆ. ನೆತ್ತಿಯಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಕೆಳಗೆ ಸಾಲುಗಳು. ಮಧ್ಯಾಹ್ನದ ಬಿಸಿಲಲ್ಲಿ ನೋಡಿದರೆ ಬರೀ ಒರಟು ಕಲ್ಲು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದೆ, ಬೆಳಕು ಮೈ ಸವರಿಕೊಂಡು ಹೋಗುವ ಹಾಗೆ. ಅಕ್ಷರದ ತಗ್ಗುಗಳಲ್ಲಿ ನೆರಳು ತುಂಬಿತು. ‘ಸ್ವಸ್ತಿ ಶ್ರೀ’ ಎದ್ದು ಬಂತು. ಎರಡು ಬೆರಳು ಕೆಳಗೆ ಇಳಿಸಿದರೆ ‘ಶಕ ವರುಷ’. ಅದರ ಮುಂದಿನ ಸಂಖ್ಯೆಗೆ 78 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಆದರೆ ಸಂಖ್ಯೆ ಇರುವ ಜಾಗದಲ್ಲೇ ಕಲ್ಲು ಚಕ್ಕೆ ಎದ್ದಿದೆ. ನನ್ನ ಗ್ರಹಚಾರ!

ಆಗ ಪಕ್ಕದ ಮನೆಯ ಅಜ್ಜಿ ಹೊರಗೆ ಬಂದರು. “ಎಂತ ಮಾಷ್ಟ್ರೆ, ಏಡಿ ಹಿಡಿಯೂಕ್ ಬಂದದ್ದಾ?”

ಈ ಟಾರ್ಚ್ ಯಾಕೆ ಬೇಕು ಅಂದ್ರೆ, ನಮ್ಮವರಿಗೆ ಶಾಸನ ಕಂಡ ಕೂಡಲೇ ಸೀಮೆಸುಣ್ಣ ತಿಕ್ಕುವ ಚಾಳಿ. ಕೆಲವರು ಮೈದಾ ಹಿಟ್ಟನ್ನೂ ಬಳಿಯುತ್ತಾರೆ. ಕಲ್ಲು ಸವೆಯುವುದು ಒಂದು ಕಡೆ. ಇನ್ನೊಂದು, ಯಾರೋ ‘ವ’ ಇದ್ದಲ್ಲಿ ‘ಮ’ ತಿದ್ದಿ ಹೋದರೆ ಮುಂದೆ ಬಂದವರೆಲ್ಲ ‘ಮ’ ಅಂತಲೇ ಓದುತ್ತಾರೆ. ನಾನೇ ಒಮ್ಮೆ ಹಾಗೆ ಮೋಸ ಹೋಗಿದ್ದೇನೆ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಂತ ಕಾನೂನೇ ಇದೆ. ಹಾಗಿದ್ದೂ ಸೀಮೆಸುಣ್ಣ ನಿಂತಿಲ್ಲ.

ಕಾಗದ ಒದ್ದೆ ಮಾಡಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ತೆಗೆಯುವ ಪಡಿಯಚ್ಚು ಬಲ್ಲವರ ಕೆಲಸ. ಅದಕ್ಕೆ ಅನುಮತಿಯೂ ಬೇಕು. ಟಾರ್ಚಿನ ಬೆಳಕಾದರೋ ಕಲ್ಲನ್ನು ಮುಟ್ಟುವುದೇ ಇಲ್ಲ ಅಲ್ವಾ?

ಈಗ ದೂರುಗಳು. ಬುಡದಲ್ಲಿ ದೊಡ್ಡ ಅಯಸ್ಕಾಂತ ಇದೆ. ಕಲ್ಲಿಗೆ ಅದು ಅಂಟುತ್ತದಾ? ಸುಮ್ನೆ ಭಾರ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಮೊಬೈಲ್ ಹಿಡಿದು ತೆಗೆದ ಫೋಟೋಗಳಲ್ಲಿ ಅರ್ಧ ಅಲ್ಲಾಡಿದವೇ. ಚಾರ್ಜ್ ಮಾಡುವ ತೂತಿನ ರಬ್ಬರ್ ಮುಚ್ಚಳ ಎರಡನೇ ತಿಂಗಳಲ್ಲೇ ಕಿತ್ತು ಬಂತು. ನಮ್ಮ ಮಳೆಗೆ ಅದು ಸಾಲದು. ಬೆಳಕನ್ನು ಕಡಿಮೆ ಮಾಡುವ ಗುಂಡಿ ಮಾತ್ರ ಬಹಳ ಉಪಯೋಗಕ್ಕೆ ಬಂತು. ಬೆಳಕು ಜಾಸ್ತಿಯಾದರೆ ಸಣ್ಣ ಅಕ್ಷರ ಕಾಣುವುದಿಲ್ಲ.

ಹಗಲಲ್ಲೇ ತೆಗೆಯಬೇಕಾದರೆ ಕೊಡೆಯ ನೆರಳು ಮಾಡಿ ಟಾರ್ಚ್ ಹಿಡಿಯಿರಿ. ಕರಿ ಕೊಡೆಯೇ ಆಗಬೇಕು. ನಾನು ಮನೆಯವಳ ಹೂವಿನ ಕೊಡೆ ಒಯ್ದಿದ್ದಕ್ಕೆ ಇಡೀ ಶಾಸನ ಗುಲಾಬಿ ಬಣ್ಣದಲ್ಲಿ ಬಂದಿದೆ.