ಜೆರ್ಸಿಲಿ ಚಳಿಗಾಲದಲ್ಲಿ ಮನೆ ತಗೊಳ್ತಿರೋರು ಇದನ್ನ ಓದಿ

ನ್ಯೂಜೆರ್ಸಿಲಿ ಮನೆ ಹುಡುಕ್ತಿರೋ ನಮ್ಮೋರಿಗೆ ಒಂದು ಮಾತು, ಲಿಸ್ಟಿಂಗಲ್ಲಿ "ಅಪ್‌ಡೇಟೆಡ್ ಎಚ್‌ವಿಎಸಿ" (ಮನೆ ಬಿಸಿ-ತಂಪು ಮಾಡೋ ಸಿಸ್ಟಮ್) ಅಂತ ಇದ್ರೆ ಏನೇನು ಅಪ್‌ಡೇಟ್ ಆಗಿದೆ ಅಂತ ಬಿಡಿಸಿ ಕೇಳಿ. ನಮ್ಮನೇಲಿ ಹೊಸದಾಗಿದ್ದು ಗೋಡೆ ಮೇಲಿನ ಥರ್ಮೋಸ್ಟಾಟ್ ಒಂದೇ. ಎಸಿಯ ಹೊರಗಿನ ಯೂನಿಟ್ 1998ರದ್ದು, ಮನೆ ಬಿಸಿ ಮಾಡೋ ಬೇಸ್‌ಮೆಂಟಿನ ಫರ್ನೇಸೂ ಅದೇ ವಯಸ್ಸಿಂದು. ಹಳೇ ಎತ್ತಿಗೆ ಹೊಸ ಗೆಜ್ಜೆ ಕಟ್ಟಿ ಸಂತೆಗೆ ಹೊಡ್ಕೊಂಡು ಬಂದಂಗೆ.

ಇನ್ಸ್‌ಪೆಕ್ಷನ್ ಆಗಿದ್ದು ಜನವರಿಲಿ. ಹೊರಗೆ 60-65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಮ್ಮಿ ಇದ್ರೆ ಸಾಮಾನ್ಯವಾಗಿ ಎಸಿ ಓಡಿಸಿ ನೋಡಲ್ಲ, ಕಂಪ್ರೆಸರ್ ಕೆಡಬಹುದು ಅಂತ, ಅದು ಸರಿನೇ. ಆದ್ರೆ ಅಷ್ಟುದ್ದ ರಿಪೋರ್ಟಲ್ಲಿ ಅದರ ಬಗ್ಗೆ ಒಂದೇ ಸಾಲು, "ಚಳಿಯಿಂದಾಗಿ ಎಸಿ ಟೆಸ್ಟ್ ಮಾಡಿಲ್ಲ". ಫರ್ನೇಸ್ ಆನ್ ಆಯ್ತು ಬಿಸಿ ಗಾಳಿ ಬಂತು, ಅಲ್ಲಿಗೆ ಪಾಸು. ಮಾರೋರ ಏಜೆಂಟ್ ಹೋದ ಬೇಸಿಗೇಲಿ ಚೆನ್ನಾಗೇ ಓಡ್ತಿತ್ತು ಅಂದ್ರು, ಬರೆದು ಕೊಡಿ ಅಂದ್ರೆ ಮಾತ್ರ "ಆಸ್-ಈಸ್", ಅಂದ್ರೆ ಇದ್ದ ಹಾಗೇ ತಗೊಳ್ಳಿ ಅಂತ.

ಜೂನಲ್ಲಿ ಅಪ್ಪ ಅಮ್ಮ ಮೈಸೂರಿಂದ ಬಂದಿದ್ರು. ಎಸಿ ಓಡ್ತಾನೇ ಇದೆ, ಮೇಲಿನ ರೂಮು 88 ಡಿಗ್ರಿ. ಇಷ್ಟು ದೊಡ್ಡ ಮನೇಲಿ ಒಂದು ಫ್ಯಾನ್ ಇಲ್ವಲ್ಲೋ ಅಂತ ಅಪ್ಪ. ಟೆಕ್ನೀಷಿಯನ್ ಬಂದು ನೋಡಿದ್ರೆ ಗಾಳಿ ತಂಪು ಮಾಡೋ ಕಾಯಿಲ್ ಲೀಕು, ಅದೂ ಹಳೇ ಎಸಿಗಳ ಆರ್-22 ಗ್ಯಾಸಿಂದು. 2020ರಿಂದ ಅಮೆರಿಕದಲ್ಲಿ ಆ ಗ್ಯಾಸ್ ಹೊಸದಾಗಿ ಮಾಡೋಹಾಗಿಲ್ಲ, ಹೊರಗಿಂದ ತರೋಹಾಗೂ ಇಲ್ಲ, ಹಳೇ ಸ್ಟಾಕೋ ರೀಸೈಕಲ್ ಮಾಡಿದ್ದೋ ಸಿಕ್ಕಿದ್ರೆ ಉಂಟು, ರೇಟು ಕೇಳ್ಬೇಡಿ. ಹೊಸ ಯೂನಿಟ್‌ಗಳ ಗ್ಯಾಸೇ ಬೇರೆ, ಹಂಗಾಗಿ ಹೊರಗಿಂದು ಬದಲಾಯಿಸಿದ್ರೆ ಒಳಗಿನ ಕಾಯಿಲೂ ಬದಲಾಯಿಸಬೇಕು.

ಅಲ್ಲಿಗೆ ಮುಗೀಲಿಲ್ಲ. ಆ ಮನುಷ್ಯ ಹೆಂಗೂ ಬಿಚ್ಚಿದೀನಲ್ಲ ಅಂತ ಫರ್ನೇಸ್ ಒಳಗೆ ಕ್ಯಾಮೆರಾ ಬಿಟ್ಟು ನೋಡಿದ, ಬೆಂಕಿಯ ಬಿಸಿನ ಮನೆ ಗಾಳಿಗೆ ದಾಟಿಸೋ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಬಿರುಕು. ಅಂದ್ರೆ ಉರಿದ ಗ್ಯಾಸಿನ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷ ಮನೆಯೊಳಗಿನ ಗಾಳಿಗೆ ಸೇರಬಹುದು, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ನಾವು ಮಕ್ಕಳನ್ನ ಮಲಗಿಸ್ಕೊಂಡು ಫೆಬ್ರವರಿ ಮಾರ್ಚ್ ಅದೇ ಗಾಳಿಲಿ ಕಳೆದಿದೀವಿ. ಬಳಸಬಾರದು ಅನ್ನೋ ರೆಡ್ ಟ್ಯಾಗ್ ಹಾಕಿ ಗ್ಯಾಸ್ ವಾಲ್ವ್ ಮುಚ್ಚಿ ಹೋದ. ಟೌನಿನೋರು ಮಾರೋಕೆ ಮುಂಚೆ ಸರ್ಟಿಫಿಕೇಟ್ ಕೊಟ್ಟಿದ್ರಲ್ಲ ಅಂದ್ರೆ, ಅವರು ನೋಡೋದು ಅಲಾರಂ ಇದೆಯಾ, ಫೈರ್ ಎಕ್ಸ್‌ಟಿಂಗ್ವಿಷರ್ ಇದೆಯಾ ಅಂತ, ಫರ್ನೇಸ್ ಅಲ್ಲ. ಮಾರೋರು ಕೊಡಿಸಿದ್ದ ಹೋಮ್ ವಾರಂಟಿಯೋರು ಇದು ಮೊದಲಿಂದ ಇದ್ದ ತೊಂದರೆ ಅಂತ ಕೈ ತೊಳ್ಕೊಂಡ್ರು. ಎಲ್ಲಾ ಸೇರಿ 14 ಸಾವಿರ ಡಾಲರ್ ಮೇಲೆ.

ಹಂಗಾಗಿ ಆಫರ್ ಹಾಕೋಕೆ ಮುಂಚೆನೇ ಹೊರಗಿನ ಯೂನಿಟ್ಟಿನ ಪ್ಲೇಟು, ಫರ್ನೇಸ್ ಬಾಗಿಲೊಳಗಿನ ಸ್ಟಿಕ್ಕರು, ಎರಡರ ಫೋಟೋ ತೆಗೀರಿ, ಎಷ್ಟೋ ಕಂಪನಿಗಳ ಸೀರಿಯಲ್ ನಂಬರಲ್ಲೇ ತಯಾರಾದ ವರ್ಷ ಅಡಗಿರುತ್ತೆ, ಗ್ಯಾಸ್ ಯಾವುದು ಅಂತನೂ ಪ್ಲೇಟಲ್ಲೇ ಇರುತ್ತೆ. ಯೂನಿಟ್ ಮೇಲೆ ಹಿಮ ಬಿದ್ದಿದೆ, ಕವರ್ ಹಾಕಿದೆ ಅಂದ್ರೆ ತೆಗೆಸಿ. "ಬದಲಾಯಿಸಿದೀವಿ" ಅಂತಾರಾ, ಟೌನ್‌ಶಿಪ್ಪಿಗೆ ಓಪ್ರಾ ಅರ್ಜಿ (ಸರ್ಕಾರಿ ದಾಖಲೆ ಕೇಳೋದು, ನಮ್ಮ ಆರ್‌ಟಿಐ ಥರ) ಹಾಕಿ ಪರ್ಮಿಟ್ ನೋಡಿ. ಹೋಮ್ ಇನ್ಸ್‌ಪೆಕ್ಟರ್ ಸಾಲಲ್ಲ, ಲೈಸೆನ್ಸ್ ಇರೋ ಎಚ್‌ವಿಎಸಿಯೋರನ್ನ ಬೇರೆ ಕರೆಸಿ ಎಕ್ಸ್‌ಚೇಂಜರ್‌ಗೆ ಕ್ಯಾಮೆರಾ ಹಾಕ್ಸಿ.

ಚಳಿಲಿ ಕ್ಲೋಸಿಂಗ್ (ಮನೆ ನಿಮ್ಮ ಹೆಸರಿಗಾಗೋದು) ಇದ್ರೆ ಅಟಾರ್ನಿ ರಿವ್ಯೂ (ಲಾಯರು ಕರಾರು ನೋಡೋ) ಟೈಮಲ್ಲೇ ನಿಮ್ಮ ಲಾಯರಿಗೆ ಹೇಳಿ, ಎಸಿ ಟೆಸ್ಟ್ ಆಗೋವರೆಗೂ ಮಾರೋರ ದುಡ್ಡಲ್ಲಿ ಒಂದಿಷ್ಟು ಎಸ್ಕ್ರೋದಲ್ಲಿ, ಅಂದ್ರೆ ಮೂರನೆಯೋರ ಕೈಲಿ, ಹಿಡಿಸಿ. ಸಾಲ ಕೊಡೋ ಬ್ಯಾಂಕೂ ಒಪ್ಪಬೇಕು, ಮಾರೋರು ಒಪ್ಪದೇ ಇದ್ರೆ ಹಳೇ ಸಿಸ್ಟಮ್ ಅಂತ ರೇಟಲ್ಲೇ ಇಳಿಸಿ ಕೇಳಿ.